ಸರಕು ಹಡಗಿನ ಪಕ್ಕದ ಗೆರೆಗಳು

1950ರ ದಶಕದ ಬ್ರಿಟಿಷ್ ಸರಕು ಹಡಗಿನ ಚಿತ್ರವನ್ನು ಗಮನಿಸಿ. ನಡುವೆ ಹೊಗೆಕೊಳವೆ, ಅದರಡಿ ಎಂಜಿನ್. ಭಾರವಾದ ಎಂಜಿನ್ ನಡುವೆ ಇದ್ದುದರಿಂದ ಸರಕು ಇಳಿಸಿದ ಮೇಲೂ ಹಡಗು ಹಿಂಬದಿಗೆ ಹೆಚ್ಚು ವಾಲುತ್ತಿರಲಿಲ್ಲ. ಹಿಂದೆ ಮುಂದೆ ಸರಕಿನ ಕೋಣೆಗಳು. ಅವುಗಳ ಬಳಿ ಮೂಟೆ, ಪೆಟ್ಟಿಗೆಗಳನ್ನು ಎತ್ತಿಳಿಸುವ ಕಂಬಗಳು. ತಳಭಾಗಕ್ಕೆ ಸಾಮಾನ್ಯವಾಗಿ ಕೆಂಪು ಬಣ್ಣ. ಚಿಪ್ಪುಜೀವಿಗಳು ಅಂಟದಂತೆ ಬಣ್ಣಕ್ಕೆ ಬೆರೆಸುತ್ತಿದ್ದ ಕ್ಯೂಪ್ರಸ್ ಆಕ್ಸೈಡ್ ಸಹ ಕೆಂಪು.

ಹಡಗಿನ ಪಕ್ಕದಲ್ಲಿ ಇನ್ನೊಂದು ಗುರುತಿದೆ: ಒಂದು ವೃತ್ತ, ಅದನ್ನು ಹಾಯುವ ಅಡ್ಡಗೆರೆ, ಬದಿಯಲ್ಲಿ ಏಣಿಯಂತೆ ಕೆಲವು ಗೆರೆಗಳು. ಇದೇ ಪ್ಲಿಮ್ಸಾಲ್ ಗುರುತು. ಮಿತಿಮೀರಿ ಸರಕು ತುಂಬಿದ ಹಡಗುಗಳು ಮುಳುಗಿ ನಾವಿಕರು ಸಾಯುತ್ತಿದ್ದುದನ್ನು ಕಂಡು ಸಂಸದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಹೋರಾಡಿದರು. 1876ರ ಕಾಯಿದೆ ಗುರುತನ್ನು ಕಡ್ಡಾಯ ಮಾಡಿತು. ಆದರೆ ಅದನ್ನು ಎಲ್ಲಿ ಬರೆಯಬೇಕೆಂಬುದು ಮಾಲೀಕನ ಇಷ್ಟಕ್ಕೇ ಬಿಟ್ಟಿತ್ತು! 1890ರ ಕಾಯಿದೆ ಈ ಲೋಪವನ್ನು ಸರಿಪಡಿಸಿತು. 1930ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಯಿತು.

ಗೆರೆಗಳಲ್ಲಿ ‘ಎಸ್’ ಬೇಸಗೆಯದು, ‘ಟಿ’ ಉಷ್ಣವಲಯದ್ದು, ‘ಡಬ್ಲ್ಯು’ ಚಳಿಗಾಲದ್ದು, ‘ಎಫ್’ ಸಿಹಿನೀರಿನದು. ನೀರು ಆಯಾ ಗೆರೆಯನ್ನು ಮುಟ್ಟುವವರೆಗೆ ಮಾತ್ರ ಸರಕು ತುಂಬಬಹುದು.

‘ಎಫ್’ ಗೆರೆಗೆ ಆರ್ಕಿಮಿಡಿಸ್ ತತ್ತ್ವವೇ ಆಧಾರ. ಸರಕು ಸೇರಿ 14,000 ಟನ್ ತೂಗುವ ಹಡಗು 1.025 ಸಾಪೇಕ್ಷ ಸಾಂದ್ರತೆಯ ಸಮುದ್ರದಲ್ಲಿ ಸುಮಾರು 13,660 ಘನ ಮೀಟರ್ ನೀರನ್ನು ಪಲ್ಲಟಗೊಳಿಸುತ್ತದೆ, ಸಿಹಿನೀರಿನಲ್ಲಿ 14,000. ನೀರಿನ ಮಟ್ಟದಲ್ಲಿ ಹಡಗಿನ ಅಡ್ಡಕೊಯ್ತದ ವಿಸ್ತೀರ್ಣ 1,900 ಚದರ ಮೀಟರ್ ಆಗಿದ್ದರೆ, ಅದು ನದಿಯಲ್ಲಿ ಸುಮಾರು 18 ಸೆಂ.ಮೀ. ಹೆಚ್ಚು ಮುಳುಗುತ್ತದೆ.

ಹಾಗಾದರೆ ‘ಟಿ’, ‘ಡಬ್ಲ್ಯು’ ಗೆರೆಗಳ ಅಂತರಕ್ಕೂ ಸಾಂದ್ರತೆಯೇ ಕಾರಣವೇ? ಹಾಗೆಂದು ವಿವರಿಸುವುದುಂಟು. ಲೆಕ್ಕ ಹಾಕಿ ನೋಡೋಣ. ಇವೆರಡೂ ‘ಎಸ್’ ಗೆರೆಯಿಂದ, ಬೇಸಗೆಯ ಮುಳುಗಾಳದ 48ನೇ ಒಂದು ಭಾಗದಷ್ಟು ಮೇಲೆ ಮತ್ತು ಕೆಳಗೆ ಇರುತ್ತವೆ. ಮುಳುಗಾಳ 8.4 ಮೀಟರ್ ಆದರೆ ‘ಟಿ’ಯಿಂದ ‘ಡಬ್ಲ್ಯು’ಗೆ 35 ಸೆಂ.ಮೀ. ಆದರೆ 5 ಡಿಗ್ರಿ ಮತ್ತು 28 ಡಿಗ್ರಿ ಸೆಲ್ಸಿಯಸ್‌ನ ಸಮುದ್ರದ ನೀರಿನ ಸಾಂದ್ರತೆಯ ವ್ಯತ್ಯಾಸ ಶೇ. 0.5ರಷ್ಟು ಮಾತ್ರ, ಇದರಿಂದಾಗುವ ಏರಿಳಿತ ಸುಮಾರು 4 ಸೆಂ.ಮೀ.

ನಿಜವಾದ ಕಾರಣ ಹವಾಮಾನ. ನೀರಿನ ಮೇಲಿರುವ ಒಡಲೇ ಹಡಗಿನ ಮೀಸಲು ತೇಲುಶಕ್ತಿ. ಚಳಿಗಾಲದ ಬಿರುಗಾಳಿಯಲ್ಲಿ ಅದು ಹೆಚ್ಚು ಬೇಕು. ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್ ದಾಟುವ ಚಿಕ್ಕ ಹಡಗುಗಳಿಗೆ, ಅಂದರೆ ಉದ್ದ 330 ಅಡಿ ಮೀರದವುಗಳಿಗೆ, 1930ರ ಒಪ್ಪಂದ ಇನ್ನೂ ಕೆಳಗಿನ ಗೆರೆಯನ್ನು ವಿಧಿಸಿತು. ಹಡಗಿನ ಉದ್ದಕ್ಕೆ ತಕ್ಕಂತೆ ನೀರಿನ ಸಾಂದ್ರತೆ ಬದಲಾಗುವುದಿಲ್ಲವಷ್ಟೆ!

ತರಗತಿಯಲ್ಲಿ ಮರಳು ತುಂಬಿದ ಪ್ರನಾಳವನ್ನು ಸಿಹಿನೀರು, ಉಪ್ಪುನೀರು ಎರಡರಲ್ಲೂ ತೇಲಿಸಿ ಗೆರೆ ಎಳೆಯಿಸಿ. ಬಳಿಕ ನೀರಿನಲ್ಲಿ ಅಲೆ ಎಬ್ಬಿಸಿ. ಉಳಿದ ಗೆರೆಗಳ ಅರ್ಥ ವಿದ್ಯಾರ್ಥಿಗಳಿಗೇ ಹೊಳೆಯುತ್ತದೆ.