ಆಫರ್ ಲೆಟರ್ ಇದೆ, ಕೆಲಸ ಇಲ್ಲ

ಜೂನ್ ಕಳೆಯುತ್ತಿದ್ದಂತೆ ಊರಿನಿಂದ ಫೋನ್‌ಗಳು ಶುರುವಾಗುತ್ತವೆ. ‘ನಮ್ಮ ಹುಡುಗನ ಇಂಜಿನಿಯರಿಂಗ್ ಮುಗೀತು, ನಿಮ್ಮ ಕಂಪನಿಯಲ್ಲಿ ಎಲ್ಲಾದರೂ ಒಂದು ನೋಡಿ.’ ಈಚಿನ ಎರಡು ಮೂರು ವರ್ಷಗಳಲ್ಲಿ ಈ ಕರೆಗಳ ಧಾಟಿ ಬದಲಾಗಿದೆ. ಮೊದಲು ಅಪ್ಪ ಅಮ್ಮ ಮಾತಾಡುತ್ತಿದ್ದರು. ಈಗ ಹುಡುಗರೇ ಮಾಡುತ್ತಾರೆ, ಅದೂ ರಾತ್ರಿ ಹತ್ತರ ಮೇಲೆ, ಮನೆಯವರಿಗೆ ಕೇಳಿಸದ ಹಾಗೆ ಮೆತ್ತಗೆ. ಸಿಂಧನೂರು ಕಡೆಯ ಒಬ್ಬ ಹೇಳಿದ್ದು ಇಷ್ಟು: ‘ಅಣ್ಣಾ, ಆಫರ್ ಲೆಟರ್ ಐತಿ, ಜಾಯಿನಿಂಗ್ ಡೇಟ್ ಕೊಡವಲ್ರು.’ ಆಗ ಅವನು ಪಾಸಾಗಿ ಹದಿನಾಲ್ಕು ತಿಂಗಳಾಗಿತ್ತು. ಊರಲ್ಲಿ ಸಿಹಿ ಹಂಚಿಯೂ ಅಷ್ಟೇ ಆಗಿತ್ತು.

ಇದು ಅವನೊಬ್ಬನ ಕಥೆಯಲ್ಲ. ಕೋವಿಡ್ ಕಾಲದಲ್ಲಿ ಐ.ಟಿ. ಕಂಪನಿಗಳು ಸಿಕ್ಕವರನ್ನೆಲ್ಲ ಸೇರಿಸಿಕೊಂಡವು. 2021-22ರಲ್ಲಿ ಟಿಸಿಎಸ್ ಒಂದು ಲಕ್ಷ, ಇನ್ಫೊಸಿಸ್ 85 ಸಾವಿರ ಹೊಸಬರನ್ನು ತೆಗೆದುಕೊಂಡಿತು. ಆಮೇಲೆ ಅಮೆರಿಕದಲ್ಲಿ ಬಡ್ಡಿ ಏರಿತು, ಅಲ್ಲಿಯ ಗಿರಾಕಿಗಳು ಕೈ ಹಿಡಿದರು. 2023-24ರ ಒಂದೇ ವರ್ಷದಲ್ಲಿ ಟಿಸಿಎಸ್‌ನ ಸಿಬ್ಬಂದಿ 13,249, ಇನ್ಫೊಸಿಸ್‌ನದು 25,994, ವಿಪ್ರೊದ್ದು 24,516 ಕಡಿಮೆಯಾಯಿತು. 2025ರ ಫೆಬ್ರುವರಿಯಲ್ಲಿ ಇನ್ಫೊಸಿಸ್‌ನ ಮೈಸೂರು ಕ್ಯಾಂಪಸ್‌ನಿಂದ, ಆಂತರಿಕ ಪರೀಕ್ಷೆ ಪಾಸಾಗಲಿಲ್ಲವೆಂದು 300ಕ್ಕೂ ಹೆಚ್ಚು ಟ್ರೇನಿಗಳನ್ನು ಕಳಿಸಲಾಯಿತು. ಅವರಲ್ಲಿ ಹಲವರು 2022ರಲ್ಲಿ ಓದು ಮುಗಿಸಿ ಎರಡು ವರ್ಷ ಕಾದು ಸೇರಿದ್ದವರು. ಅದೇ ಜುಲೈಯಲ್ಲಿ ಟಿಸಿಎಸ್ ಸುಮಾರು 12 ಸಾವಿರ ಜನರನ್ನು ತೆಗೆಯುವುದಾಗಿ ಹೇಳಿತು. ಕೆಲಸ ಗೊತ್ತಿದ್ದವರನ್ನೇ ಮನೆಗೆ ಕಳಿಸುವಾಗ ಕಲಿಯಬೇಕಾದವರನ್ನು ಯಾರು ಕರೆಯುತ್ತಾರೆ?

ಆದರೂ ಹುಡುಗರು ಈ ಕಡೆ ಬರುತ್ತಿದ್ದಾರೆ. ಕಲಬುರಗಿ ಕಡೆಯವರು ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಕಲ್ಯಾಣ್‌ನಲ್ಲಿ ಇಳಿಯುತ್ತಾರೆ, ನಮ್ಮ ಕರಾವಳಿಯವರು ಮತ್ಸ್ಯಗಂಧದಲ್ಲಿ ಬಂದು ಥಾಣೆಯಲ್ಲಿ. ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆ ಕಟ್ಟಿ ಕೆಲಸ ಹುಡುಕುವುದಕ್ಕಿಂತ ಡೊಂಬಿವಲಿಯಲ್ಲಿ ಸೋದರಮಾವನ ಮನೆಯ ಹಾಲ್‌ನಲ್ಲಿ ಚಾಪೆ ಹಾಸಿಕೊಳ್ಳುವುದು ಅಗ್ಗ. ಲೋಕಲ್ ಹಿಡಿದು ಥಾಣೆಗೆ ಬಂದು ಗಾಡಿ ಬದಲಿಸಿದರೆ ಐರೋಲಿ, ರಬಾಳೆ, ಘನ್ಸೋಲಿ ಸಾಲಾಗಿ ಬರುತ್ತವೆ. ಐರೋಲಿಯ ಗಾಜಿನ ಕಟ್ಟಡಗಳು ರೈಲಿನಿಂದಲೇ ಕಾಣುತ್ತವೆ. ಹುಡುಗರ ಕಣ್ಣು ಅಲ್ಲೇ ನಿಲ್ಲುತ್ತದೆ.

ಫೋನ್ ಮಾಡುವವರೆಲ್ಲ ಕೇಳುವುದು ‘ರೆಫರ್’ ಮಾಡಿ ಅಂತ. ಹೊಸಬರ ವಿಷಯದಲ್ಲಿ ಅದಕ್ಕೆ ಬೆಲೆ ಬಹಳ ಕಡಿಮೆ. ದೊಡ್ಡ ಕಂಪನಿಗಳಲ್ಲಿ ನಮ್ಮಂಥವರು ಪೋರ್ಟಲ್‌ಗೆ ಹಾಕುವ ಹೆಸರುಗಳು ಬಹುತೇಕ ಎರಡು ಮೂರು ವರ್ಷ ಅನುಭವ ಇರುವವರ ಜಾಗಗಳಿಗೆ. ಹೊಸಬರು ಬರಬೇಕಾದದ್ದು ಕಾಲೇಜಿನ ಕ್ಯಾಂಪಸ್‌ನಿಂದ, ಇಲ್ಲವೇ ಆನ್‌ಲೈನ್ ಪರೀಕ್ಷೆಯಿಂದ. ಅಲ್ಲಿ ಇನ್ನೊಂದು ಗೇಟು ಇದೆ. ಅರ್ಜಿಯಲ್ಲಿ ಪಾಸಾದ ವರ್ಷ ಕೇಳುತ್ತಾರೆ. ಈ ವರ್ಷದವರು, ಹೆಚ್ಚೆಂದರೆ ಹೋದ ವರ್ಷದವರು. ನಿಮ್ಮ ವರ್ಷ ಆ ಪಟ್ಟಿಯಿಂದ ಜಾರಿದ ದಿನ ನೀವು ಹೊಸಬರೂ ಅಲ್ಲ, ಅನುಭವಸ್ಥರೂ ಅಲ್ಲ. ‘ಆಫರ್ ಇದೆಯಲ್ಲ, ಕಾಯ್ತೇನೆ’ ಅನ್ನುವ ಹುಡುಗನಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಕಾದದ್ದಕ್ಕೆ ಯಾವ ಕಂಪನಿಯೂ ಸಂಬಳ ಕೊಡುವುದಿಲ್ಲ, ರೆಸ್ಯೂಮೆಯಲ್ಲಿ ಮಾತ್ರ ಒಂದು ಖಾಲಿ ಜಾಗ ಉಳಿಯುತ್ತದೆ.

ಹಿಂದೆ ಮುಂಬಯಿಗೆ ಬಂದ ನಮ್ಮವರಿಗೆ ಮೊದಲ ಕೆಲಸ ಸಿಗುತ್ತಿದ್ದ ರೀತಿಯೇ ಬೇರೆ. ಊರಿನವರ ಹೋಟೆಲ್‌ನಲ್ಲಿ ಲೋಟ ತೊಳೆಯುವುದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದುವುದು, ಮೆಟ್ರಿಕ್ ಆದ ಮೇಲೆ ಬ್ಯಾಂಕ್ ಗುಮಾಸ್ತನೋ ಕಚೇರಿಯ ಟೈಪಿಸ್ಟನೋ ಆಗುವುದು. ಲೋಟ ತೊಳೆದದ್ದನ್ನು ಅವರು ಕೊನೆತನಕ ಹೆಮ್ಮೆಯಿಂದಲೇ ಹೇಳಿಕೊಂಡರು. ಅವರ ಮೊಮ್ಮಕ್ಕಳ ಮನೆಯಲ್ಲಿ ಇಂದು, ಹೆಸರು ಕೇಳಿರದ ಕಂಪನಿಗೆ ಮಗ ಸೇರಿದರೆ ಮದುವೆ ಮನೆಯಲ್ಲಿ ಹೇಗೆ ಹೇಳುವುದು ಎಂಬ ಚಿಂತೆ. ನನಗೆ ಇದು ವಿಚಿತ್ರವಾಗಿ ಕಾಣುತ್ತದೆ.

2013ರಲ್ಲಿ ನಾನು ಎಂ.ಟೆಕ್. ಮುಗಿಸಿದಾಗಲೂ ಕ್ಯಾಂಪಸ್‌ನಲ್ಲಿ ಸಿಕ್ಕ ಒಂದು ಆಫರ್ ಇತ್ತು, ತಾರೀಖು ಇರಲಿಲ್ಲ. ಮೂರು ತಿಂಗಳ ಮೇಲೆ ಕಾಯದೆ ಡೊಂಬಿವಲಿಯ ಚಿಕ್ಕಪ್ಪನ ಮನೆಗೆ ಬಂದೆ. ಕೆಲಸ ಸಿಕ್ಕಿದ್ದು ರಬಾಳೆಯ ಒಂದು ಗಾಳೆಯಲ್ಲಿ. ಅಂದರೆ ಮೇಲೆ ಪತ್ರಾ ಶೀಟಿನ ಮಾಡು, ಕೆಳಗೆ ಲೇತ್ ಮಶಿನ್, ಮೂಲೆಯಲ್ಲಿ ಎರಡು ಕಂಪ್ಯೂಟರ್. ತಿಂಗಳಿಗೆ 14 ಸಾವಿರ. ಅವರು ಲಾರಿ ತೂಗುವ ವೇಬ್ರಿಜ್ ಮಾಡುತ್ತಿದ್ದರು, ಇಲ್ಲಿಯ ಲಾರಿಯವರ ಬಾಯಲ್ಲಿ ಧರ್ಮಕಾಂಟಾ. ತೂಕದ ಅಂಕಿಯನ್ನು ವೈರಿನಿಂದ ಓದಿ ಚೀಟಿ ಮುದ್ರಿಸುವ ಸಾಫ್ಟ್‌ವೇರ್ ನನ್ನ ಪಾಲಿಗೆ ಬಂತು. ‘ಎಂ.ಟೆಕ್. ಮಾಡಿ ಲಾರಿ ತೂಗುದಾ?’ ಅಂತ ಊರಲ್ಲಿ ನಕ್ಕರು.

ಕಾಲೇಜಿನಲ್ಲಿ ಅಂಕಿ ಅಂದರೆ ಅಂಕಿ. ಇಲ್ಲಿ ಅದು ನಿಲ್ಲುವುದೇ ಇಲ್ಲ. ಲಾರಿ ಹತ್ತಿದಾಗ ತಟ್ಟೆ ಅಲುಗುತ್ತದೆ, ತೂಕ ಮೇಲೆ ಕೆಳಗೆ ಆಡುತ್ತದೆ. ಯಾವ ಕ್ಷಣದ್ದನ್ನು ಚೀಟಿಗೆ ಹಾಕಬೇಕು? ಡ್ರೈವರ್ ಮುಂದಿನ ಚಕ್ರವನ್ನು ತಟ್ಟೆಯ ಹೊರಗೆ ನಿಲ್ಲಿಸಿದರೆ? ಖಾಲಿ ಲಾರಿಯ ಹಳೆಯ ಚೀಟಿಯನ್ನೇ ಮತ್ತೆ ತಂದರೆ? ಕರೆಂಟ್ ಹೋದಾಗ ಅರ್ಧ ಬರೆದ ದಾಖಲೆ ಏನಾಗಬೇಕು? ಸೋರುವ ಕ್ಯಾಬಿನ್‌ನಲ್ಲಿ ಮಳೆಗಾಲವಿಡೀ ಕೂತು ಇವಕ್ಕೆ ಉತ್ತರ ಬರೆದೆ. ಎರಡು ವರ್ಷದ ಮೇಲೆ ದೊಡ್ಡ ಕಂಪನಿಯೊಂದರ ಸಂದರ್ಶನದಲ್ಲಿ ಮುಕ್ಕಾಲು ಗಂಟೆ ಮಾತಾಡಿದ್ದು ಆ ಧರ್ಮಕಾಂಟಾದ ಬಗ್ಗೆಯೇ. ಎಂ.ಟೆಕ್. ಪ್ರಾಜೆಕ್ಟ್ ಕುರಿತು ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಈಗ ನಾನು ಆ ಮೇಜಿನ ಈಚೆ ಕೂರುತ್ತೇನೆ. ಹೊಸಬರು ತೋರಿಸುವ ಪ್ರಾಜೆಕ್ಟ್‌ಗಳು ಒಂದೇ ಅಚ್ಚಿನವು, ಎಐ ಬಂದ ಮೇಲೆ ಇನ್ನೂ ಹೆಚ್ಚು. ಕೋಡ್ ಚೆನ್ನಾಗಿಯೇ ಇರುತ್ತದೆ. ‘ಇದನ್ನು ಯಾರು ಬಳಸುತ್ತಿದ್ದಾರೆ, ಎಲ್ಲಿ ಕೆಟ್ಟಿತು?’ ಅಂದರೆ ಮೌನ. ಒಂದು ವರ್ಷ ಯಾವುದೋ ಸಣ್ಣ ಕಾರ್ಖಾನೆಯ ಸ್ಟಾಕ್ ಲೆಕ್ಕ ನೋಡಿಕೊಂಡವನ ಬಳಿ ಈ ಪ್ರಶ್ನೆಗೆ ಹತ್ತು ಉತ್ತರ ಇರುತ್ತವೆ.

ಸಣ್ಣ ಕಂಪನಿಗಳೆಲ್ಲ ಪುಣ್ಯಕ್ಷೇತ್ರಗಳು ಅನ್ನುತ್ತಿಲ್ಲ. ಸಂಬಳ ತಡವಾಗುತ್ತದೆ, ಶನಿವಾರ ರಜೆ ಇಲ್ಲ, ಮಾಲೀಕನ ಮಗ ಬಂದು ಬೈಯುತ್ತಾನೆ. ಮಹಾಪೆ, ರಬಾಳೆಯ ಡೇಟಾ ಸೆಂಟರ್‌ಗಳಲ್ಲಿ ರಾತ್ರಿಪಾಳಿಯ ಕೆಲಸ ಇರುತ್ತದೆ, ಆದರೆ ಎಷ್ಟೋ ಸಲ ಸಂಬಳ ಕೊಡುವವನು ನಡುವಿನ ಗುತ್ತಿಗೆದಾರ. ಅದಕ್ಕೇ ಕೇಳಿದವರಿಗೆ ಹೇಳುತ್ತೇನೆ: ಸಂಬಳ ಬ್ಯಾಂಕ್‌ಗೆ ಬರಲಿ, ಸ್ಲಿಪ್ ಕೊಡಲಿ, ಪಿ.ಎಫ್. ಕಟ್ಟಲಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಂದರೆ ಎದ್ದು ಬನ್ನಿ. ಕೆಲಸ ಕೊಡಿಸಲು ದುಡ್ಡು ಕೇಳಿದರೆ ಕುರ್ಚಿಯಲ್ಲಿ ಕೂರಲೂ ಬೇಡಿ. ‘ಅನುಭವದ ಸರ್ಟಿಫಿಕೇಟ್’ ಮಾರುವವರೂ ಇದ್ದಾರೆ. ಪಿ.ಎಫ್.ನ ಯುಎಎನ್ ತೆರೆದರೆ ಯಾರು ಎಲ್ಲಿ ಎಷ್ಟು ತಿಂಗಳು ಇದ್ದರೆಂದು ಕಾಣುತ್ತದೆ, ನಾವು ನೋಡುವುದೂ ಅದನ್ನೇ. 2025ರ ಆಗಸ್ಟ್ 1ರಿಂದ ಕೇಂದ್ರ ಸರ್ಕಾರ, ಮೊದಲ ಬಾರಿಗೆ ಪಿ.ಎಫ್.ಗೆ ಸೇರುವವರಿಗೆ ಎರಡು ಕಂತಿನಲ್ಲಿ 15 ಸಾವಿರ ರೂಪಾಯಿವರೆಗೆ ಕೊಡುವ ಯೋಜನೆ ತಂದಿದೆ. ಮೊದಲ ಕಂತು ಆರು ತಿಂಗಳ ಮೇಲೆ. ಪಿ.ಎಫ್. ಕಟ್ಟದ ಕಡೆ ಇದ್ದವನಿಗೆ ಅದೂ ಇಲ್ಲ.

ರಾಜ್ಯಗಳ ನೆರವಿನ ಲೆಕ್ಕದಲ್ಲಿ ನಮ್ಮ ಹುಡುಗರದ್ದು ಅತ್ತ ದರಿ ಇತ್ತ ಪುಲಿ. ಕರ್ನಾಟಕದ ಯುವನಿಧಿ ಪದವೀಧರರಿಗೆ ತಿಂಗಳಿಗೆ 3 ಸಾವಿರ ಕೊಡುತ್ತದೆ, ಅದು ಅಲ್ಲಿಯ ನಿವಾಸಿಗಳಿಗೆ. ಮಹಾರಾಷ್ಟ್ರ 2024ರಲ್ಲಿ ತಂದ ಯುವ ಕಾರ್ಯ ಪ್ರಶಿಕ್ಷಣ ಯೋಜನೆಯಲ್ಲಿ ಪದವೀಧರರಿಗೆ ತರಬೇತಿ ಕಾಲದಲ್ಲಿ ತಿಂಗಳಿಗೆ 10 ಸಾವಿರ, ಅದು ಇಲ್ಲಿಯ ನಿವಾಸಿಗಳಿಗೆ. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಕನ್ನಡದ ಮಕ್ಕಳು ಎರಡನೆಯದನ್ನು ಕೇಳಬಹುದು, ಕೇಳಲೂ ಬೇಕು. ನಿನ್ನೆ ರೈಲಿಳಿದವನಿಗೆ ಮಾವನ ಮನೆಯ ಅನ್ನವೇ ಯೋಜನೆ.

ನಮ್ಮಂಥವರಿಂದ ಆಗುವುದೇನು? ದೊಡ್ಡ ಕಂಪನಿಯ ಬಾಗಿಲು ನಮ್ಮ ಕೈಯಲ್ಲಿಲ್ಲ. ಆದರೆ ವಾಗ್ಲೆ ಎಸ್ಟೇಟ್‌ನಿಂದ ತುರ್ಭೆಯವರೆಗಿನ ವರ್ಕ್‌ಶಾಪ್‌ಗಳಲ್ಲಿ ಅಕೌಂಟ್ಸ್ ನೋಡುವವರು, ಸೂಪರ್‌ವೈಸರ್‌ಗಳು, ಕ್ಯಾಂಟೀನ್ ನಡೆಸುವವರು ಎಷ್ಟು ಜನ ನಮ್ಮವರು! ಯಾವ ಮಾಲೀಕನಿಗೆ ಒಬ್ಬ ಕಂಪ್ಯೂಟರ್ ಗೊತ್ತಿರುವ ಹುಡುಗ ಬೇಕಾಗಿದ್ದಾನೆ ಎಂಬುದು ಯಾವ ಜಾಬ್ ಪೋರ್ಟಲ್‌ಗಿಂತ ಮೊದಲು ಕ್ಯಾಂಟೀನ್‌ನವರಿಗೆ ಗೊತ್ತಿರುತ್ತದೆ. ನನ್ನ ವೇಬ್ರಿಜ್ ಕೆಲಸದ ಸುದ್ದಿ ಚಿಕ್ಕಪ್ಪನಿಗೆ ಸಿಕ್ಕಿದ್ದೂ ಒಂದು ಚಹಾ ಕೌಂಟರಿನಲ್ಲಿ.

ಸಿಂಧನೂರಿನ ಹುಡುಗ ಈಗ ಕಲ್ಯಾಣ್‌ನಲ್ಲಿ ಮಾವನ ಮನೆಯಲ್ಲಿದ್ದಾನೆ. ಮಹಾಪೆಯ ಒಂದು ಪ್ಯಾಕೇಜಿಂಗ್ ಕಂಪನಿಯಲ್ಲಿ ಬಾರ್‌ಕೋಡ್, ಗೋದಾಮಿನ ಲೆಕ್ಕದ ಕೆಲಸ. 18 ಸಾವಿರ, ಪಿ.ಎಫ್. ಇದೆ. ಆಫರ್ ಕೊಟ್ಟ ಕಂಪನಿಯಿಂದ ಈಗಲೂ ‘ಶೀಘ್ರದಲ್ಲೇ ತಿಳಿಸುತ್ತೇವೆ’ ಅನ್ನುವ ಮೇಲ್ ಬರುತ್ತದಂತೆ. ಅದೇ ಕಂಪನಿಗೆ ಇನ್ನೊಬ್ಬ ಹುಡುಗ ಬೇಕಾಗಿದ್ದಾನೆ ಎಂದು ಹೋದ ವಾರ ಅವನೇ ಹೇಳಿದ. ಜೂನ್‌ನಿಂದ ನನಗೆ ಫೋನ್ ಮಾಡಿದವರಲ್ಲಿ ಇಬ್ಬರಿಗೆ ತಿಳಿಸಿದೆ. ಒಬ್ಬ ಸೋಮವಾರ ಬರುತ್ತಾನೆ. ಇನ್ನೊಬ್ಬನ ತಂದೆ ಕಂಪನಿಯ ಹೆಸರು ಕೇಳಿ, ಮನೆಯಲ್ಲಿ ಮಾತಾಡಿ ಹೇಳುತ್ತೇನೆ ಅಂದಿದ್ದಾರೆ.