ನಿಮಗಿದು ಗೊತ್ತೇ? ಸೋತ ಡಿಸ್ಕ್, ಗೆದ್ದ ಡಿಸ್ಕ್, 28 ರೂಪಾಯಿಯ ವಿಸಿಡಿ

ದಿಂಬಂ ಘಾಟಿಗೆ 27 ಹೇರ್‌ಪಿನ್ ತಿರುವು ಎನ್ನುವುದು ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಬಸ್ಸಿನಲ್ಲಿ ಇಳಿದವರಿಗೆಲ್ಲ ಗೊತ್ತು. ಹೊಟ್ಟೆ ತೊಳಸಿದವರಿಗೆ ಇನ್ನೂ ಚೆನ್ನಾಗಿ ಗೊತ್ತು. ತಿರುವು ಮುಗಿದರೆ ಬಣ್ಣಾರಿ, ಅಲ್ಲಿಂದಾಚೆ ತಮಿಳು. ಬೆಟ್ಟದ ಮೇಲೆ ತಾಳವಾಡಿ ಸೀಮೆಯಲ್ಲಿ ಜಿಲ್ಲೆ ಈರೋಡಾದರೂ ಮನೆಮಾತು ಕನ್ನಡ. ರಾಜ್‌ಕುಮಾರ್ ಅವರ ಗಾಜನೂರು ಇರುವುದೂ ಇಲ್ಲೇ. ಚಿತ್ರಮಂದಿರ ದೂರವಿದ್ದ ಇಂಥ ಊರುಗಳಲ್ಲಿ ಇಷ್ಟದ ಸಿನಿಮಾ ಇಷ್ಟ ಬಂದಾಗ ನೋಡಬೇಕೆಂದರೆ ಇದ್ದ ದಾರಿ ಡಿಸ್ಕ್. ಇಲ್ಲಿ ಜನ ವಿಸಿಡಿ ಹಾಕಿ ನೋಡುತ್ತಿದ್ದ ಹೊತ್ತಿಗೇ ಜಪಾನು, ಅಮೆರಿಕದಲ್ಲಿ ಎರಡು ಹೊಸ ಡಿಸ್ಕುಗಳು ಕುಸ್ತಿಗೆ ಬಿದ್ದಿದ್ದವು.

ಒಂದು ಕಡೆ ತೋಶಿಬಾದ ಎಚ್‌ಡಿ ಡಿವಿಡಿ, ಇನ್ನೊಂದು ಕಡೆ ಸೋನಿ ಮತ್ತು ಗೆಳೆಯರ ಬ್ಲೂ-ರೇ. ಎರಡೂ ಅಂಗಡಿಗೆ ಬಂದದ್ದು 2006ರಲ್ಲಿ. 2008ರ ಫೆಬ್ರವರಿ 19ರಂದು ತೋಶಿಬಾ ಕೈಚೆಲ್ಲಿತು. ಎರಡು ವರ್ಷವೂ ತುಂಬಿರಲಿಲ್ಲ.

ಎರಡೂ ಪಕ್ಷದ ಆಯುಧ ಒಂದೇ ಆಗಿತ್ತು! ಸಿಡಿ ಓದುವುದು 780 ನ್ಯಾನೊಮೀಟರಿನ ಅವಗೆಂಪು ಲೇಸರ್, ಡಿವಿಡಿ ಓದುವುದು 650ರ ಕೆಂಪು. ಹೊಸ ಡಿಸ್ಕುಗಳೆರಡಕ್ಕೂ ಇದ್ದದ್ದು 405 ನ್ಯಾನೊಮೀಟರಿನ ನೀಲಿ-ನೇರಳೆ ಲೇಸರ್. ಅಲೆ ಚಿಕ್ಕದಾದಷ್ಟೂ ಬೆಳಕಿನ ಚುಕ್ಕೆ ಚಿಕ್ಕದು. ಚುಕ್ಕೆ ಚಿಕ್ಕದಾದಷ್ಟೂ ಅದೇ ಜಾಗದಲ್ಲಿ ಹೆಚ್ಚು ಮಾಹಿತಿ.

ಆ ನೀಲಿ ಬೆಳಕಿನ ಹಿಂದೆ ಇರುವ ಹೆಸರು ಜಪಾನಿನ ನಿಚಿಯಾ ಕಂಪನಿಯಲ್ಲಿದ್ದ ಶುಜಿ ನಕಮುರ. ನೀಲಿ ಎಲ್‌ಇಡಿಗಾಗಿ 2014ರಲ್ಲಿ ಇಬ್ಬರ ಜೊತೆ ನೊಬೆಲ್ ಹಂಚಿಕೊಂಡರು. ಕಂಪನಿ ಮೊದಲಿಗೆ ಕೊಟ್ಟ ಬಹುಮಾನ 20,000 ಯೆನ್. ನಕಮುರ ಕೋರ್ಟಿಗೆ ಹೋದರು. 2005ರಲ್ಲಿ 84 ಕೋಟಿ ಯೆನ್ನಿಗೆ ರಾಜಿಯಾಯಿತು.

ಡಿಸ್ಕಿನಲ್ಲಿ ಸಿನಿಮಾ ಎಲ್ಲಿರುತ್ತದೆ? ಬಹಳ ಜನ ಹೊಳೆಯುವ ಕೆಳಮೈ ಎಂದೇ ತಿಳಿದಿದ್ದಾರೆ. ಸಿಡಿ, ವಿಸಿಡಿಗಳಲ್ಲಿ ಮಾಹಿತಿ ಇರುವುದು ನಾಯಕನ ಫೋಟೊ ಅಚ್ಚಾಗಿರುವ ಮೇಲ್ಮೈಯ ಅಡಿಗೇ. ಕೆಳಗಿನದು 1.2 ಮಿಲಿಮೀಟರ್ ದಪ್ಪದ ಬರೀ ಪ್ಲಾಸ್ಟಿಕ್ಕು. ಆದ್ದರಿಂದ ವಿಸಿಡಿಯ ಚಿತ್ರದ ಕಡೆ ಗೀರಿದರೆ ಕಥೆ ಮುಗಿಯಿತು, ಕೆಳಗಿನ ಸಣ್ಣ ಗೀರುಗಳನ್ನು ಪ್ಲೇಯರ್ ಸುಧಾರಿಸಿಕೊಳ್ಳುತ್ತದೆ. ಡಿವಿಡಿಯಲ್ಲಿ ಮಾಹಿತಿ ನಟ್ಟನಡುವೆ, 0.6 ಮಿಲಿಮೀಟರ್ ಒಳಗೆ. ಎಚ್‌ಡಿ ಡಿವಿಡಿಯಲ್ಲೂ ಅಷ್ಟೇ ಆಳ. ಬ್ಲೂ-ರೇಯಲ್ಲಿ ಕೆಳಮೈಯಿಂದ ಬರೀ 0.1 ಮಿಲಿಮೀಟರ್! ಅದಕ್ಕೇ ಮೇಲೊಂದು ಗಟ್ಟಿ ಲೇಪ ಬೇಕಾಯಿತು.

ಕುಸ್ತಿಯ ಗುಟ್ಟು ಇರುವುದೂ ಈ ಆಳದಲ್ಲೇ. ಮಾಹಿತಿ ಲೇಸರ್‌ಗೆ ಹತ್ತಿರವಾದ್ದರಿಂದ ಬ್ಲೂ-ರೇಯ ಒಂದು ಪದರದಲ್ಲಿ 25 ಜಿಬಿ ಹಿಡಿಯಿತು. ಎಚ್‌ಡಿ ಡಿವಿಡಿಯಲ್ಲಿ 15. ಎರಡು ಪದರವಾದರೆ 50 ಮತ್ತು 30. ಆದರೆ ಎಚ್‌ಡಿ ಡಿವಿಡಿಯ ಆಳ ಡಿವಿಡಿಯದ್ದೇ ಆದ್ದರಿಂದ ಹಳೇ ಡಿವಿಡಿ ಕಾರ್ಖಾನೆಗಳನ್ನೇ ಅಲ್ಪಸ್ವಲ್ಪ ತಿದ್ದಿಕೊಂಡು ಅಚ್ಚು ಹಾಕಬಹುದಿತ್ತು. ಬ್ಲೂ-ರೇಗೆ ಹೊಸ ಯಂತ್ರಗಳೇ ಬೇಕಾದವು. ಒಬ್ಬರಿಗೆ ಜಾಗ ಹೆಚ್ಚು, ಇನ್ನೊಬ್ಬರಿಗೆ ಖರ್ಚು ಕಡಿಮೆ.

ಅಂದಹಾಗೆ, ವಿಸಿಡಿಯನ್ನು ಲುಂಗಿಯ ಅಂಚಿನಿಂದ ಗುಂಡಗೆ ಸುತ್ತಿ ಒರೆಸುತ್ತಿದ್ದವರಿಗೆ: ಒರೆಸಬೇಕಾದ್ದು ನಡುವಿನ ತೂತಿನಿಂದ ಅಂಚಿನ ಕಡೆಗೆ, ನೇರವಾಗಿ. ಮಾಹಿತಿ ಸುತ್ತುಸುತ್ತಾಗಿ ಬರೆದಿರುವುದರಿಂದ ಗುಂಡಗೆ ಬಿದ್ದ ಗೀರು ಒಂದೇ ಕಡೆ ಉದ್ದಕ್ಕೂ ಅಳಿಸಿಹಾಕುತ್ತದೆ. ಆಮೇಲೆ ಹಾಡಿನ ಮಧ್ಯೆ ಪರದೆ ತುಂಬ ಚೌಕಚೌಕ, ನಾಯಕಿಯ ಮುಖ ನಾಲ್ಕು ತುಂಡು, ಮನೆಮಂದಿಯೆಲ್ಲ ರಿಮೋಟು ಹುಡುಕಾಟ.

ಬೆಲೆ ಕೇಳಿ. ತೋಶಿಬಾದ ಮೊದಲ ಪ್ಲೇಯರ್ ಅಮೆರಿಕದಲ್ಲಿ 499 ಡಾಲರ್. ಸ್ಯಾಮ್‌ಸಂಗ್‌ನ ಮೊದಲ ಬ್ಲೂ-ರೇ ಪ್ಲೇಯರ್ ಅದರ ಎರಡರಷ್ಟು, 999 ಡಾಲರ್. ಆಗಿನ ದರದಲ್ಲಿ ಸುಮಾರು 45,000 ರೂಪಾಯಿ. ಅದೇ ಸುಮಾರಿಗೆ ನಮ್ಮಲ್ಲಿ ಮೋಸರ್ ಬೇಯರ್ ಕಂಪನಿ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಕೂತಿತು. ನಕಲಿ ಡಿಸ್ಕಿನವನಿಗೂ ಪೈಪೋಟಿ ಕೊಡುವ ಬೆಲೆ ಅದು. ಆ ಒಂದು ಬ್ಲೂ-ರೇ ಪ್ಲೇಯರಿನ ದುಡ್ಡಿಗೆ 1,600 ವಿಸಿಡಿ ಬರುತ್ತಿದ್ದವು! ಜಗತ್ತಿನ ಕಾಳಗ ನಮ್ಮ ಬೆಟ್ಟಕ್ಕೆ ಏಕೆ ಹತ್ತಲಿಲ್ಲ ಎಂದು ಬೇರೆ ಕಾರಣ ಹುಡುಕಬೇಕಿಲ್ಲ. ಮೋಸರ್ ಬೇಯರ್ ಕಥೆಯೂ ಸುಖಾಂತವಲ್ಲ. 2018ರಲ್ಲಿ ಕಂಪನಿಯನ್ನು ಮುಚ್ಚಿ ಆಸ್ತಿ ಮಾರುವಂತೆ ಕಂಪನಿ ಕಾನೂನು ನ್ಯಾಯಮಂಡಳಿ ಆದೇಶಿಸಿತು.

ಗಿರಾಕಿಯ ಕಡೆಯಿಂದ ನೋಡಿದರೆ ಸೋತ ಡಿಸ್ಕೇ ವಾಸಿಯಿತ್ತು ಎಂಬುದು ಈ ಅಂಕಣಕಾರನ ತೀರ್ಮಾನ. ಎಚ್‌ಡಿ ಡಿವಿಡಿಗೆ ವಲಯದ ಬೀಗವೇ ಇರಲಿಲ್ಲ. ಅಮೆರಿಕದಲ್ಲಿ ಕೊಂಡದ್ದು ಮೈಸೂರಿನಲ್ಲೂ ಓಡುತ್ತಿತ್ತು. ಬ್ಲೂ-ರೇ ಜಗತ್ತನ್ನು ಎ, ಬಿ, ಸಿ ಎಂದು ಮೂರು ಹೋಳು ಮಾಡಿತು. ಅಮೆರಿಕ ಎ, ಭಾರತ ಸಿ. ನ್ಯೂಜೆರ್ಸಿಯ ಅಣ್ಣ ಪ್ರೀತಿಯಿಂದ ತಂದ ಡಿಸ್ಕಿಗೆ ಎ ಬೀಗ ಬಿದ್ದಿದ್ದರೆ ಇಲ್ಲಿನ ಪ್ಲೇಯರ್ ‘ಆಗಲ್ಲ’ ಎಂದುಬಿಡುತ್ತದೆ. ಎಚ್‌ಡಿ ಡಿವಿಡಿ ಪ್ಲೇಯರಿಗೆ ಇಂಟರ್ನೆಟ್ ಕಿಂಡಿ ಮೊದಲ ದಿನದಿಂದ ಕಡ್ಡಾಯ. ಮೊದಮೊದಲ ಬ್ಲೂ-ರೇ ಪ್ಲೇಯರುಗಳಿಗೆ ಆ ನಿಯಮವಿರಲಿಲ್ಲ. ಒಂದು ಬದಿಗೆ ಎಚ್‌ಡಿ ಡಿವಿಡಿ, ಮಗುಚಿದರೆ ಮಾಮೂಲಿ ಡಿವಿಡಿ ಎಂಬ ಇಬ್ಬದಿಯ ಡಿಸ್ಕುಗಳೂ ಬಂದವು. ಹಳೇ ಪ್ಲೇಯರ್ ಇದ್ದವನಿಗೂ ನಷ್ಟವಿಲ್ಲ.

ಹಾಗಾದರೆ ಸೋತದ್ದೇಕೆ? ಸೋನಿ 2006ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 3ರೊಳಗೆ ಬ್ಲೂ-ರೇಯನ್ನು ಕೂರಿಸಿಬಿಟ್ಟಿತು. ಮಕ್ಕಳ ಆಟಕ್ಕೆಂದು ತಂದ ಪೆಟ್ಟಿಗೆಯ ಜೊತೆ ಪ್ಲೇಯರ್ ತಾನಾಗಿ ಮನೆ ಸೇರಿತು. ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್‌ಗೆ ಎಚ್‌ಡಿ ಡಿವಿಡಿ ಕೊಟ್ಟಿತು ನಿಜ, ಆದರೆ 199 ಡಾಲರಿನ ಬೇರೆ ಡಬ್ಬಿಯಾಗಿ. 2007ರ ನವೆಂಬರಿನಲ್ಲಿ ವಾಲ್‌ಮಾರ್ಟ್ ತೋಶಿಬಾ ಪ್ಲೇಯರನ್ನು ನೂರು ಡಾಲರಿಗಿಂತ ಕೆಳಗಿಳಿಸಿ ಮಾರಿದರೂ ತಡೆಯಲಾಗಲಿಲ್ಲ. 2008ರ ಜನವರಿ 4ರಂದು, ಅದುವರೆಗೆ ಎರಡೂ ದೋಣಿಯಲ್ಲಿ ಕಾಲಿಟ್ಟಿದ್ದ ವಾರ್ನರ್ ಸ್ಟುಡಿಯೊ ಇನ್ನು ಬ್ಲೂ-ರೇ ಮಾತ್ರ ಎಂದಿತು. ಸಿನಿಮಾ ಇಲ್ಲದ ಡಿಸ್ಕನ್ನು ಯಾರು ಕೊಳ್ಳುತ್ತಾರೆ? ಆರೂವರೆ ವಾರದಲ್ಲಿ ಆಟ ಮುಗಿಯಿತು.

ಎರಡನ್ನೂ ಓಡಿಸುವ ಪ್ಲೇಯರನ್ನು ಎಲ್‌ಜಿ 2007ರಲ್ಲೇ ತಂದಿತ್ತು. ಬೆಲೆ 1,199 ಡಾಲರ್. ಎರಡು ಪ್ಲೇಯರ್ ಬೇರೆಬೇರೆ ಕೊಳ್ಳುವುದಕ್ಕೂ ಇದಕ್ಕೂ ಏನು ವ್ಯತ್ಯಾಸವೋ!

ಸೋತ ಪಕ್ಷದ ಗಿರಾಕಿಗಳ ಗತಿ? ಅಮೆರಿಕದ ಬೆಸ್ಟ್ ಬೈ ಮಳಿಗೆ ತನ್ನಲ್ಲಿ ಎಚ್‌ಡಿ ಡಿವಿಡಿ ಪ್ಲೇಯರ್ ಕೊಂಡವರಿಗೆ 50 ಡಾಲರಿನ ಕೂಪನ್ ಕೊಟ್ಟಿತು. ವಾರ್ನರ್ ತನ್ನ ಎಚ್‌ಡಿ ಡಿವಿಡಿಗಳಿಗೆ ಬದಲಾಗಿ ತಲಾ 4.95 ಡಾಲರ್ ಪಡೆದು ಬ್ಲೂ-ರೇ ಕೊಡುವ ಯೋಜನೆ ಮಾಡಿತು. ಕೊಡದೆ ಇಟ್ಟುಕೊಂಡವರ ಪಾಡು ಇನ್ನೊಂದು ಬಗೆ: ವಾರ್ನರ್‌ನ ಅನೇಕ ಎಚ್‌ಡಿ ಡಿವಿಡಿಗಳು ಒಂದು ಗೀರೂ ಇಲ್ಲದೆ, ಡಬ್ಬದಲ್ಲಿದ್ದಂತೆಯೇ ಒಳಗಿಂದ ಕೆಟ್ಟು ಓದದಂತಾಗಿವೆ. ತೋಶಿಬಾ? 2009ರಲ್ಲಿ ಸದ್ದಿಲ್ಲದೆ ಬ್ಲೂ-ರೇ ಬಳಗಕ್ಕೇ ಸೇರಿತು.

ವಿಸಿಡಿ ಚಿತ್ರದಲ್ಲಿರುವುದು 352×288, ಅಂದರೆ ಲಕ್ಷದಷ್ಟು ಚುಕ್ಕೆ. ಡಿವಿಡಿಯಲ್ಲಿ ನಾಲ್ಕು ಲಕ್ಷ ದಾಟುತ್ತದೆ, ಬ್ಲೂ-ರೇಯಲ್ಲಿ 20 ಲಕ್ಷ. ಹಳೇ ಚಿತ್ರಕ್ಕೆ ಅಷ್ಟೆಲ್ಲ ಏಕೆ ಎನ್ನುವವರುಂಟು. ಅದು ತಪ್ಪು ಲೆಕ್ಕ. 35 ಮಿಲಿಮೀಟರ್ ನೆಗೆಟಿವ್ ಚೆನ್ನಾಗಿ ಉಳಿದಿದ್ದರೆ ಅದರಲ್ಲಿರುವ ವಿವರ ಡಿವಿಡಿಯಲ್ಲಿ ಹಿಡಿಯುವುದೇ ಇಲ್ಲ. ರಾಜ್‌ಕುಮಾರ್ ಅವರ 1965ರ ‘ಸತ್ಯ ಹರಿಶ್ಚಂದ್ರ’ ಕಂಪ್ಯೂಟರಿನಲ್ಲಿ ಬಣ್ಣ ಹಚ್ಚಿಸಿಕೊಂಡು ಮತ್ತೆ ತೆರೆಗೆ ಬಂದದ್ದು 2008ರಲ್ಲಿ, ಎಚ್‌ಡಿ ಡಿವಿಡಿ ಸತ್ತ ವರ್ಷದಲ್ಲೇ. 1971ರ ‘ಕಸ್ತೂರಿ ನಿವಾಸ’ಕ್ಕೆ ಆ ಭಾಗ್ಯ 2014ರಲ್ಲಿ ಬಂತು. ಗಾಜನೂರಿನ ಮುತ್ತುರಾಜನನ್ನು, ಅಂದರೆ ರಾಜ್‌ಕುಮಾರ್ ಅವರನ್ನು, ವಿಸಿಡಿಯ ಲಕ್ಷ ಚುಕ್ಕೆಯಲ್ಲಿ ನೋಡಿ ತೃಪ್ತಿಪಟ್ಟವರು ಇನ್ನೂ ಪೂರ್ತಿ ನೋಡಿಲ್ಲ ಎಂದೇ ಅರ್ಥ.

ಈಗ ಎಲ್ಲ ಮೊಬೈಲಿನಲ್ಲಿದೆಯಲ್ಲ? ಇದೆ. ಆದರೆ ನೆಟ್‌ಫ್ಲಿಕ್ಸ್ ಎಚ್‌ಡಿ ಚಿತ್ರಕ್ಕೆ ಸೆಕೆಂಡಿಗೆ 5 ಮೆಗಾಬಿಟ್ ಸಾಕು ಎನ್ನುತ್ತದೆ. ಬ್ಲೂ-ರೇ ಚಿತ್ರಕ್ಕೇ 40ರವರೆಗೆ ಸುರಿಯಬಲ್ಲದು. ಮಳೆ, ಕತ್ತಲೆ, ಕಾಡಿನ ದೃಶ್ಯ ಬಂದಾಗ ಈ ಅಂತರ ಕಣ್ಣಿಗೆ ಹೊಡೆಯುತ್ತದೆ. ಹುಲಿ ಕಾಡಿನ ನಡುವಿನ ದಿಂಬಂನಂಥ ಕಡೆ ಸಿಗ್ನಲ್ ಕೈಕೊಟ್ಟರೂ ಡಿಸ್ಕ್ ಕೈಕೊಡದು, ಕರೆಂಟಿದ್ದರೆ. ಇನ್ನೊಂದು: ಒಟಿಟಿಯವರು ಹಕ್ಕು ಮುಗಿಯಿತೆಂದು ಚಿತ್ರ ತೆಗೆದುಬಿಡಬಹುದು, ನಿಮ್ಮ ಬೀರುವಿನಿಂದ ತೆಗೆಯಲಾರರು.

ಈಗಲೂ ಕೊಳ್ಳುವ ಮನಸ್ಸಿದ್ದರೆ ಡಬ್ಬದ ಬೆನ್ನು ನೋಡಿ. ಬ್ಲೂ-ರೇ ಆದರೆ ಸಿ ಅಥವಾ ಎ-ಬಿ-ಸಿ ಮೂರೂ ಇರಬೇಕು. 2016ರಿಂದ ಬರುತ್ತಿರುವ 4ಕೆ ಬ್ಲೂ-ರೇಗೆ ವಲಯದ ಬೀಗವಿಲ್ಲ, ಪ್ಲೇಯರ್ ಮಾತ್ರ ಬೇರೆಯದೇ ಬೇಕು. ಸ್ಯಾಮ್‌ಸಂಗ್, ಎಲ್‌ಜಿ ಪ್ಲೇಯರ್ ಮಾಡುವುದನ್ನು ಬಿಟ್ಟಿವೆ. ಖಾಲಿ ಬ್ಲೂ-ರೇ ಡಿಸ್ಕ್ ತಯಾರಿಕೆಯನ್ನು ಸೋನಿಯೇ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಸಂತೆಯಲ್ಲೋ ಆನ್‌ಲೈನಿನಲ್ಲೋ ಎಚ್‌ಡಿ ಡಿವಿಡಿ ಅಗ್ಗಕ್ಕೆ ಸಿಕ್ಕಿತೆಂದು ತಂದೀರಿ, ಜೋಕೆ: ಮಾಮೂಲಿ ಬ್ಲೂ-ರೇ ಪ್ಲೇಯರ್ ಅದನ್ನು ಮೂಸಿಯೂ ನೋಡುವುದಿಲ್ಲ.