ಒಂದೇ ಶೀತ, ಮೂರು ವಯಸ್ಸು

2025ರ ಜನವರಿ 6ರಂದು ಬೆಂಗಳೂರಿನ ಎರಡು ಹಸುಗೂಸುಗಳಲ್ಲಿ ಎಚ್‌ಎಂಪಿವಿ ವೈರಸ್ ಪತ್ತೆಯಾದ ಸುದ್ದಿ ಬಂತು. ಒಂದಕ್ಕೆ ಮೂರು ತಿಂಗಳು, ಇನ್ನೊಂದಕ್ಕೆ ಎಂಟು. ನಮ್ಮ ಗೋಣಿಕೊಪ್ಪಲಿನ ಸಂತೆಯಲ್ಲೂ ಅದೇ ಮಾತು. “ಮತ್ತೆ ಕೊರೋನಾ ಬಂತಂತೆ” ಅಂದವರೂ ಇದ್ದರು. ಆದರೆ ಮಕ್ಕಳೇ, ಅದು ಹೊಸ ವೈರಸ್ ಅಲ್ಲ. ನೆದರ್ಲೆಂಡ್ಸಿನ ವಿಜ್ಞಾನಿಗಳು 2001ರಲ್ಲೇ ಅದನ್ನು ಗುರುತಿಸಿದ್ದರು. ಐದು ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಅದು ಒಮ್ಮೆ ಬಂದುಹೋಗಿರುತ್ತದೆ. ನಿಮಗೂ ಬಂದಿರಬಹುದು, ಬರೀ ಶೀತ ಎಂದುಕೊಂಡು ಮರೆತಿರುತ್ತೀರಿ.

ಹಾಗಾದರೆ ಆ ಕೂಸುಗಳನ್ನು ಆಸ್ಪತ್ರೆಗೆ ಏಕೆ ಸೇರಿಸಬೇಕಾಯಿತು? ಕೂಸಿನ ಶ್ವಾಸಕೋಶದ ಒಳಗಿನ ಕೊಳವೆಗಳು ತೀರ ಸಣ್ಣ. ತೋಟದಲ್ಲಿ ಸ್ಪ್ರಿಂಕ್ಲರ್ ಹಾಕುವುದನ್ನು ನೋಡಿದ್ದೀರಲ್ಲ? ದಪ್ಪ ಪೈಪಿನಲ್ಲಿ ಸ್ವಲ್ಪ ಕೆಸರು ಕೂತರೂ ನೀರು ಹರಿಯುತ್ತದೆ. ಅಷ್ಟೇ ಕೆಸರು ತುದಿಯ ಸಣ್ಣ ತೂತಿಗೆ ಸಿಕ್ಕಿದರೆ ನೀರು ನಿಂತೇಹೋಗುತ್ತದೆ. ಎಚ್‌ಎಂಪಿವಿ ಆಗಲಿ, ಅದರ ಬಂಧು ಆರ್‌ಎಸ್‌ವಿ ಆಗಲಿ, ಕೂಸಿಗೆ ಉಸಿರು ಕಟ್ಟಿಸುವುದು ಹೀಗೆ.

ಶಾಲೆಗೆ ಹೋಗುವ ನಿಮಗೆ ಸಾಮಾನ್ಯವಾಗಿ ಮೂಗು ಸೋರುತ್ತದೆ, ಎರಡು ದಿನ ಮೈ ಬಿಸಿ, ಆಮೇಲೆ ಮತ್ತೆ ಮೈದಾನ. ಆದರೆ ತರಗತಿಯಿಂದ ತೊಟ್ಟಿಲಿಗೂ ಅಜ್ಜಿಯ ಮಂಚಕ್ಕೂ ವೈರಸ್ ತಲುಪಿಸುವವರು ಅನೇಕ ಸಲ ನೀವೇ! ಬೈಯುತ್ತಿಲ್ಲ. ಕೆಮ್ಮಿರುವಾಗ ತಂಗಿಗೆ ಮುತ್ತು ಕೊಡಬೇಡಿ, ಶಾಲೆಯಿಂದ ಬಂದ ಕೂಡಲೇ ಸೋಪು ಹಾಕಿ ಕೈ ತೊಳೆಯಿರಿ.

ನಮ್ಮಂಥ ಎಪ್ಪತ್ತು ದಾಟಿದವರ ಲೆಕ್ಕವೇ ಬೇರೆ. ರೋಗ ತಡೆಯುವ ಶಕ್ತಿ ಕುಂದಿರುತ್ತದೆ, ಜೊತೆಗೆ ಸಕ್ಕರೆ ಕಾಯಿಲೆಯೋ ಹೃದಯದ ತೊಂದರೆಯೋ ಇರುತ್ತದೆ. ಫ್ಲೂ ನ್ಯುಮೋನಿಯಾಕ್ಕೆ ತಿರುಗುವ ಭಯ ಹೆಚ್ಚು. ವಿಚಿತ್ರವೆಂದರೆ ಕೆಲವೊಮ್ಮೆ ಜ್ವರವೇ ಏರುವುದಿಲ್ಲ. ಅಜ್ಜ ಊಟ ಬೇಡವೆನ್ನುತ್ತಾರೆ, ಮಂಕಾಗಿ ಕೂರುತ್ತಾರೆ, ಮಾತು ತಪ್ಪುತ್ತದೆ. ವಯಸ್ಸಾಯಿತು ಎಂದು ಸುಮ್ಮನಾಗದೆ ವೈದ್ಯರಿಗೆ ತೋರಿಸಿ. ಪ್ರತಿ ವರ್ಷ ಹಾಕಿಸುವ ಫ್ಲೂ ಲಸಿಕೆಯ ಬಗ್ಗೆಯೂ ಅವರನ್ನೇ ಕೇಳಿ.

ಮಂಜಿನಿಂದಲೇ ಶೀತ ಬರುತ್ತದೆ ಎನ್ನುವುದು ನಮ್ಮೂರಿನ ಹಳೆಯ ಮಾತು. ಬರುವುದು ವೈರಸ್ಸಿನಿಂದ. ಆದರೆ ಕಾಫಿ ಕುಯ್ಲಿನ ಚಳಿಯಲ್ಲಿ ಕಿಟಕಿ ಮುಚ್ಚಿ ಎಲ್ಲರೂ ಒಂದೇ ಕೋಣೆಯಲ್ಲಿ ಕೂರುತ್ತೇವಲ್ಲ, ಅದು ವೈರಸ್ಸಿಗೆ ಹಬ್ಬ. ಆಂಟಿಬಯಾಟಿಕ್ ಮಾತ್ರೆಗೆ ಅದು ಬಗ್ಗುವುದೂ ಇಲ್ಲ.

ಬ್ಯಾಂಕಿನಲ್ಲಿ ನೋಟು ಎಣಿಸಿದವನಿಗೆ ಇಷ್ಟವಾಗುವ ಒಂದು ಉಪಾಯ ಇದೆ. ಕೂಸು ಅಳದೆ ಮಲಗಿರುವಾಗ, ಗಡಿಯಾರ ನೋಡಿಕೊಂಡು ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗಿನದಕ್ಕೆ 50, ಐದರೊಳಗಿನ ಮಗುವಿಗೆ 40 ಮುಟ್ಟಿದರೆ ಅಥವಾ ದಾಟಿದರೆ ಆಸ್ಪತ್ರೆಗೆ ಹೊರಡಿ. ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಹಾಲು ಬಿಟ್ಟಿದ್ದರೆ, ಎಣಿಸುತ್ತಲೂ ಕೂರಬೇಡಿ.